ಕೇಳಿಸಿದರೆ ಒಂದು ಸಲ

ಕೈ ಬೆಚ್ಚಗಿದೆ, ಇಷ್ಟು ಬೆಚ್ಚಗಿರುತ್ತದೆ ಎಂದು ಅವಳು ಅಂದುಕೊಂಡಿರಲಿಲ್ಲ, ಉಗುರುಗಳನ್ನು ಒಪ್ಪವಾಗಿ ಕತ್ತರಿಸಿಕೊಂಡಿದ್ದಾರೆ, ಉಂಗುರ ತೆಗೆಸಿದ ಬೆರಳಲ್ಲಿ ಬಿಳಿಯ ಗೆರೆ, ಹೆಬ್ಬೆರಳಿನ ಬುಡ ಮೆತ್ತಗೆ, ಯಾರ ಮನೆಯ ಅಜ್ಜನದೋ ಅನ್ನಬೇಕು — ಗೋಡೆಯ ಗಡಿಯಾರದಲ್ಲಿ ಕೆಂಪು ಮುಳ್ಳು ಹನ್ನೆರಡನ್ನು ದಾಟುತ್ತಿದೆ, ಮಲಗಿಸಿ ಇದು ನಾಲ್ಕನೆಯ ನಿಮಿಷ, ಅವಳು ಹಸಿರು ಬಟ್ಟೆಯ ಅಂಚನ್ನು ಎತ್ತಿ ಆ ಕಿವಿಯ ಹತ್ತಿರ ಬಾಗುತ್ತಾಳೆ, ಸರ್, ನನ್ನ ಮಾತು ಕೇಳಿಸ್ತಾ ಇದ್ರೆ ನನ್ನ ಕೈನ ಒಂದು ಸಲ ಹಿಸುಕಿ, ನೋವಿದ್ರೆ ಎರಡು ಸಲ, ಹತ್ತರವರೆಗೆ ಎಣಿಸುತ್ತಾಳೆ, ಕೈ ಸುಮ್ಮನಿದೆ, ಸೊನ್ನೆ ಎಂದು ಗಟ್ಟಿಯಾಗಿ ಹೇಳಿ ಎಡಗೈಯಲ್ಲಿ ಹಾಳೆಯ ಮೇಲೆ ಸೊನ್ನೆ ಬರೆಯುತ್ತಾಳೆ. ಎರಡು ವರ್ಷದಿಂದ ಇದೇ ಕೆಲಸ, ಆಪರೇಷನ್ನಿಗೆ ಮತ್ತು ಕೊಟ್ಟು ಮಲಗಿಸಿದವರ ಕೈ ಹಿಡಿದು ಕೂರುವುದು, ಅಕ್ಕ, ಯಾರ್ಯಾರದೋ ಕೈ ಹಿಡೀತೀರಿ, ಮನೇಲಿ ನಿಮ್ಮ ಕೈ ಹಿಡಿದವರಿಗೆ ಗೊತ್ತಾ ಎಂದು ಕತ್ತರಿ ಎತ್ತಿಕೊಡುವ ಸಿಸ್ಟರು ಮೊದಲ ವಾರವಿಡೀ ಛೇಡಿಸಿದ್ದೇ ಛೇಡಿಸಿದ್ದು, ಗೊತ್ತಮ್ಮ, ಅವರು ಒಂದೇ ದಿನ ಹಿಡಿದದ್ದು, ಮಾರನೇ ದಿನದಿಂದ ಟಿವಿ ರಿಮೋಟು ಹಿಡಿದುಬಿಟ್ರು ಎಂದು ಇವಳೂ ಬಿಟ್ಟುಕೊಟ್ಟವಳಲ್ಲ. ಮೈಯ ಸ್ನಾಯುಗಳನ್ನೆಲ್ಲ ಸಡಿಲಿಸುವ ಮದ್ದನ್ನು ರಕ್ತಕ್ಕೆ ಬಿಡುವ ಮೊದಲು ಮುಂಗೈಗೆ ಒಂದು ಪಟ್ಟಿ ಬಿಗಿದು ಗಾಳಿ ತುಂಬುತ್ತಾರೆ, ಮದ್ದು ಆ ಕೈಗೆ ಇಳಿಯುವುದಿಲ್ಲ, ಉಳಿದ ಮೈ ಮರದ ದಿಮ್ಮಿಯಂತೆ ಬಿದ್ದಿದ್ದರೂ ಅದೊಂದು ಕೈಗೆ ಜೀವವಿರುತ್ತದೆ, ಒಳಗಿರುವವರಿಗೆ ಎಚ್ಚರವಾದರೆ ಹೇಳಿಕೊಳ್ಳಲು ಅದೊಂದೇ ದಾರಿ. ಹಣೆಗೆ ಅಂಟಿಸಿದ ಪಟ್ಟಿಯಿಂದ ನಿದ್ದೆಯ ಆಳ ಅಳೆಯುವ ಯಂತ್ರ ಹೇಳುವುದು ನಿಜವೋ, ಈ ಕೈ ಹೇಳುವುದು ನಿಜವೋ, ಅಧ್ಯಯನ ಅದರ ಮೇಲೆ. ಯಂತ್ರದ ಮುಖ ಅವಳಿಗೆ ಕಾಣದಂತೆ ಆ ಕಡೆಗೆ ತಿರುಗಿಸಿದ್ದಾರೆ, ಅದು ನಿಯಮ. ನೂರಾ ಮೂವತ್ತಾರು ಜನರ ಕೈ ಹಿಡಿದಿದ್ದಾಳೆ, ಹದಿನಾಲ್ಕು ಜನ ಹಿಸುಕಿದ್ದಾರೆ, ಅವರಲ್ಲಿ ಒಂಬತ್ತು ಮಂದಿ ಸಿಸೇರಿಯನ್ ಹೆರಿಗೆಯವರು, ಮಾರನೆಯ ದಿನ ವಾರ್ಡಿಗೆ ಹೋಗಿ ಕೇಳಿದಾಗ ನೆನಪಿದ್ದದ್ದು ಒಬ್ಬಳಿಗೆ ಮಾತ್ರ. ಇದು ನೂರಾ ಮೂವತ್ತೇಳನೆಯ ಕೈ.

ಮೂವತ್ತು ವರ್ಷ ಅರ್ಧ ಊರನ್ನು ಮಲಗಿಸಿದ ಕೈ ಇದು, ಮತ್ತಿನ ವಿಭಾಗದ ದೊಡ್ಡ ಡಾಕ್ಟರು, ಈಗ ಪಿತ್ತಕೋಶದಲ್ಲಿ ಕಲ್ಲಾಗಿ ತಮ್ಮದೇ ಥಿಯೇಟರಿನ ಮೇಜಿನ ಮೇಲೆ ಅಂಗಾತ, ಕಣ್ಣಿಗೆ ಟೇಪು, ಬಾಯಲ್ಲಿ ನಳಿಗೆ. ಅಧ್ಯಯನ ನಡೆಸುವ, ಇವತ್ತು ಅವರಿಗೆ ಮತ್ತು ಕೊಟ್ಟಿರುವ ಡಾಕ್ಟರಮ್ಮ ಅವರ ಶಿಷ್ಯೆ, ಸರ್, ನೀವೇ ಸೇರದೇ ಇದ್ರೆ ಬೇರೆಯವರನ್ನ ನಾನು ಯಾವ ಮುಖ ಇಟ್ಕೊಂಡು ಕೇಳಲಿ ಎಂದಿದ್ದಳು, ಆಗಲಮ್ಮ, ಬರೆದುಕೋ ಎಂದರು. ನಿನ್ನೆ ಮಧ್ಯಾಹ್ನ ಒಪ್ಪಿಗೆಯ ಹಾಳೆಯನ್ನು ಓದಿ ಹೇಳಿದ್ದು ಇವಳೇ, ಎದುರಿಗೆ ಸ್ಟೂಲಿನ ಮೇಲೆ ಕೂತು, ಒಂದೊಂದೇ ಸಾಲು, ಎಚ್ಚರವಾದರೆ ಹೀಗೆ ಹಿಸುಕಬೇಕು ಎಂದು ತೋರಿಸುತ್ತಾ, ನಂಗೇ ಪಾಠ ಹೇಳ್ತೀಯಲ್ಲಮ್ಮ ಎಂದು ನಕ್ಕರು, ಹೆಸರೇನು, ಎಷ್ಟು ವರ್ಷದಿಂದ ಇದ್ದೀಯಾ ಎಂದರು, ಮುಖ ನೋಡಿದರು, ನೇರವಾಗಿಯೇ ನೋಡಿದರು, ಗುರುತು ಸಿಗಲಿಲ್ಲ. ಹಿಂದೆ ಅವಳನ್ನು ನೋಡಿ ಆರು ವರ್ಷವಾಗಿತ್ತು. ಆಮೇಲೆ ಸಹಿ ಹಾಕಿ, ಒಂದೇ ಮಾತು, ನಡುವೆ ನನ್ನ ಕೈ ಬಿಟ್ಟುಬಿಡಬೇಡ ಎಂದು ತಮಾಷೆ ಮಾಡಿದರು, ಇಲ್ಲ ಸರ್, ಹೇಗೆ ಬಿಡ್ತೀನಿ ಎಂದಳು, ಬಿಡುವುದುಂಟೇ, ಎರಡು ವರ್ಷದಿಂದ ಪ್ರತಿಯೊಂದು ಕೈಯನ್ನೂ ಇದೇ ಕೈಯೆಂದು ಹಿಡಿದಿದ್ದೇನೆ ಎನ್ನಲಿಲ್ಲ. ಐದು, ಸೊನ್ನೆ. ಆರು, ಸೊನ್ನೆ. ಆಪರೇಷನ್ ಮಾಡುವ ಡಾಕ್ಟರಮ್ಮ, ಅವಸರದಮ್ಮ ಎಂದೇ ಎಲ್ಲರೂ ಕರೆಯುವುದು, ಕೈಗವಸು ಏರಿಸಿಕೊಂಡು ಬಂದಿದ್ದಾಳೆ, ಏನ್ರೀ, ನಮ್ಮ ಗುರುಗಳು ಮಲಗಿದ್ರಾ, ಇಲ್ಲಾ ಒಳಗಿಂದಾನೇ ನನ್ನ ತಪ್ಪು ಹುಡುಕ್ತಾ ಇದ್ದಾರಾ, ಎಲ್ಲರೂ ನಗುತ್ತಾರೆ, ಇವಳೂ ಮುಖಕವಚದೊಳಗೆ ತುಟಿ ಅಗಲಿಸುತ್ತಾಳೆ, ಹೊಟ್ಟೆಗೆ ಕಂದು ಔಷಧ ಬಳಿಯುವ ವಾಸನೆ, ಆ ವಾಸನೆ — ಆ ವಾಸನೆ ಬಂದರೆ ಸಾಕು ಅವಳಿಗೆ ನಾಲಿಗೆ ಅಂಟಿಕೊಳ್ಳುತ್ತದೆ. ಏಳು. ಬಾಗಿದಳು, ಸರ್, ನನ್ನ ಮಾತು ಕೇಳಿಸ್ತಾ ಇದ್ರೆ ನನ್ನ ಕೈನ ಒಂದು ಸಲ ಹಿಸುಕಿ.

ಹಿಸುಕಿತು. ಮೆಲ್ಲಗೆ, ಬಾಗಿಲು ತಟ್ಟಲು ಸಂಕೋಚಪಡುವವರ ಹಾಗೆ, ಆದರೆ ಹಿಸುಕಿತು, ನಾಲ್ಕು ಬೆರಳು ಒಟ್ಟಿಗೆ. ಒಂದೇ ಸಲ ಅಲುಗಿದರೆ ಲೆಕ್ಕಕ್ಕಿಲ್ಲ, ಸುಮ್ಮನೆ ಸೆಳೆತವೂ ಇರಬಹುದು, ಕೂಡಲೇ ಇನ್ನೊಮ್ಮೆ ಕೇಳಬೇಕು, ಆಗಲೂ ಹಿಸುಕಿದರೆ ಕೂಗಿ ಹೇಳಬೇಕು, ನಿಯಮದ ಪುಸ್ತಕದ ಆರನೆಯ ಪುಟ, ಅವಳಿಗೆ ಬಾಯಿಪಾಠ. ಕೂಡಲೇ. ಅವಳು ಕೇಳಲಿಲ್ಲ. ಏಳು, ಸೊನ್ನೆ. ಮುಂದಿನ ನಿಮಿಷಕ್ಕೆ ಕೇಳಿದರಾಯಿತು, ಏನು ಅವಸರ, ಅವಸರ ಮಾಡದವರು ಯಾರಿದ್ದರು ಆವತ್ತು, ತನ್ನ ಹೆರಿಗೆಯ ದಿನ, ಮಗುವಿನ ಎದೆಬಡಿತ ಇಳೀತಿದೆ ಎಂದು ಓಡುತ್ತಾ ತಂದು ಇಂಥದ್ದೇ ಮೇಜಿನ ಮೇಲೆ ಹಾಕಿ ಮುಖಕ್ಕೆ ರಬ್ಬರು ಒತ್ತಿದರು, ಮಗುವಿಗೆ ಮತ್ತು ಏರಬಾರದೆಂದು ತಾಯಿಗೆ ಕಡಿಮೆ ಕೊಡುತ್ತಾರೆ, ಹೆರಿಗೆಯ ಆಪರೇಷನ್ನಿನಲ್ಲೇ ಎಚ್ಚರವಾಗುವುದು ಹೆಚ್ಚು, ಅದೆಲ್ಲ ಈಗ ಗೊತ್ತು, ಅದಕ್ಕೆ ಅವರ ಮೇಲೆ — ಅವನ ಮೇಲೆ, ಮನಸ್ಸಿನೊಳಗೆ ಯಾರ ಮುಲಾಜು — ಅದಕ್ಕೆ ಅವನ ಮೇಲೆ ಸಿಟ್ಟಿಲ್ಲ. ಕೊಯ್ದದ್ದು ಹತ್ತು ನಲವತ್ತೆರಡಕ್ಕೆ, ಮಗು ಹೊರಬಂದದ್ದು ಹತ್ತು ನಲವತ್ತೊಂಬತ್ತಕ್ಕೆ, ಆಸ್ಪತ್ರೆಯ ಚೀಟಿಯ ಪ್ರತಿ ಮನೆಯ ಬೀರುವಿನಲ್ಲಿದೆ, ಏಳು ನಿಮಿಷ ಅವಳು ಎಲ್ಲವನ್ನೂ ತಿಳಿದಳು, ಚರ್ಮ ಎಲ್ಲಿಂದ ಎಲ್ಲಿಗೆ, ಆಮೇಲೆ ಯಾವ ಪದರ, ಎರಡು ಕೈ ಒಳಗೆ ಹಾಕಿ ಎಳೆದದ್ದು, ಕಿರುಬೆರಳನ್ನಾದರೂ ಅಲುಗಿಸುತ್ತೇನೆಂದು ಇದ್ದಬದ್ದ ಬಲವನ್ನೆಲ್ಲ ಕಿರುಬೆರಳಿಗೆ ಕಳಿಸಿದಳು, ಅದು ಅವಳದಾಗಿರಲಿಲ್ಲ, ಉಸಿರು ಕೂಡ ಯಂತ್ರದ್ದು, ಕಿರುಚುತ್ತಲೇ ಇದ್ದಳು, ದನಿಯಿಲ್ಲದೆ, ಮಗು ಅತ್ತಾಗ ಅಬ್ಬಾ, ಅಂತೂ ನನ್ನ ದನಿ ಹೊರಗೆ ಬಂತು ಅಂದುಕೊಂಡಳು. ಅದನ್ನು ಯಾರಿಗೂ ಹೇಳಿಲ್ಲ. ಮಗಳ ಅಳು ಅಂತ ತಿಳಿಯುವುದಕ್ಕೆ ಮೂರು ದಿನ ಬೇಕಾಯಿತು, ಮೂರು ದಿನ ಆ ಕೂಸನ್ನು ಮುಟ್ಟಲಿಲ್ಲ, ಅತ್ತೆ ನೋಡಿ ನೋಡಿ, ನಾವೆಲ್ಲ ಮತ್ತು ಗಿತ್ತು ಇಲ್ಲದೇ ಹೆತ್ತಿಲ್ವೇನಮ್ಮ, ನಿಂದೇನು ಲೋಕಕ್ಕಿಲ್ಲದ್ದು ಎಂದರು, ಗಂಡ ಕಿಟಕಿ ನೋಡುತ್ತಾ, ಬಿಡೇ, ಇಬ್ರೂ ಉಳಿದ್ರಲ್ಲ ಎಂದ. ನಾಲ್ಕನೆಯ ದಿನ, ಆವತ್ತು ಅವಳಿಗೆ ಮತ್ತು ಕೊಟ್ಟಿದ್ದ ಇವನು ವಾರ್ಡಿಗೆ ಬಂದ. ಕೇಳಿಸಿದ್ದನ್ನೆಲ್ಲ ಅವನ ಮುಂದೆ ಒಂದು ಅಕ್ಷರ ಬಿಡದೆ ಒಪ್ಪಿಸಿದಳು, ಅವಳ ಹೊಟ್ಟೆ ತೆರೆದಿರುವಾಗ ಅವನು ತನ್ನ ಹೊಸ ಮನೆಯ ಬಗ್ಗೆ ಆಡಿದ ಮಾತನ್ನೂ. ಅವನ ಮುಖದಿಂದ ಬಣ್ಣ ಇಳಿಯಿತು, ಅವಳು ಕಂಡಳು, ಎರಡು ಕಣ್ಣಾರೆ ಕಂಡಳು, ಅವನಿಗೆ ತಿಳಿಯಿತು, ತಿಳಿದ ಮೇಲೆ ಮಂಚದ ಕಂಬಿ ತಟ್ಟಿ, ಕನಸಮ್ಮ ಅದು, ಮತ್ತಿನಲ್ಲಿ ಎಲ್ರಿಗೂ ಬೀಳುತ್ತೆ, ಮಗು ಮುಖ ನೋಡ್ಕೊಂಡು ಮರೆತುಬಿಡು ಎಂದ, ಚೀಟಿಯಲ್ಲಿ ಬರೆದ, ರೋಗಿಗೆ ಕನಸು. ಎರಡೇ ಪದ. ಸಿಟ್ಟು ನೋವಿಗಲ್ಲ, ಏಳು ನಿಮಿಷಕ್ಕೂ ಅಲ್ಲ, ಆ ಎರಡು ಪದಕ್ಕೆ.

ಎಂಟು. ಬಾಗಿದಳು, ಕೇಳಿದಳು, ಹಿಸುಕಿತು, ಈ ಸಲ ಸಂಕೋಚವಿಲ್ಲ, ಗಟ್ಟಿಯಾಗಿ, ಇದು ಸೆಳೆತವಲ್ಲ, ಇದು ಉತ್ತರ. ಎಂಟು, ಸೊನ್ನೆ, ಎಂದಳು, ತನ್ನ ದನಿ ಎಷ್ಟು ನೆಟ್ಟಗಿದೆ ಎಂದು ಅವಳಿಗೇ ಆಶ್ಚರ್ಯ, ಹಾಳೆಯ ಮೇಲೂ ಸೊನ್ನೆ ಬರೆದಳು. ಶುರು ಮಾಡ್ಲಾ, ಅವಸರದಮ್ಮನ ದನಿ, ಮಾಡಿ ಮೇಡಂ, ಯಂತ್ರ ಚೆನ್ನಾಗಿದೆ, ಕೈ ಸೊನ್ನೆ, ಶಿಷ್ಯೆಯ ದನಿ, ಕೈಗೆ ಸಿಕ್ಕಿದ್ದಾನೆ ಎಂದುಕೊಂಡಳು ಇವಳು, ಅವನಿಗೂ ಏಳು ನಿಮಿಷ, ಹೆಚ್ಚು ಬೇಡ, ಕಡಿಮೆಯೂ ಬೇಡ, ಹೊಕ್ಕುಳ ಹತ್ತಿರ ಚಿಕ್ಕ ಚೂರಿ ಇಳಿಯಿತು, ಕೈ ಅವಳ ಕೈಯೊಳಗೆ ಎದ್ದು ಕೂತಿತು. ಎರಡು ಸಲ. ಅವಳು ಕೇಳಿಯೇ ಇಲ್ಲ, ತಾನಾಗಿಯೇ, ಎರಡು ಸಲ, ಬಿಟ್ಟು, ಮತ್ತೆ ಎರಡು ಸಲ. ನೋವಿದ್ದರೆ ಎರಡು. ಪಾಠ ಚೆನ್ನಾಗಿ ಕಲಿತಿದ್ದಾನೆ. ಅವಳಿಗಾದರೋ ಆವತ್ತು ಏನಾಗುತ್ತಿದೆ ಎಂದೇ ಗೊತ್ತಿರಲಿಲ್ಲ, ಸತ್ತಿದ್ದೇನೆ, ಸತ್ತವರಿಗೆ ಹೀಗಾಗುತ್ತದೆ ಅಂದುಕೊಂಡಿದ್ದಳು, ಇವನಿಗೆ ಎಲ್ಲ ಗೊತ್ತು, ಯಾವ ಮದ್ದು ಸಾಲದಾಗಿದೆ, ಎಷ್ಟು ಕೊಟ್ಟರೆ ಸರಿಹೋಗುತ್ತದೆ, ಸಿರಿಂಜು ತಲೆಯಿಂದ ಒಂದು ಮೊಳ ದೂರದ ಟ್ರೇಯಲ್ಲಿದೆ, ಕೈ ಹಿಡಿದವಳೊಬ್ಬಳು ಪಕ್ಕದಲ್ಲೇ ಕೂತು ಸೊನ್ನೆ ಎನ್ನುತ್ತಿದ್ದಾಳೆ, ಅದೂ ಅವನಿಗೆ ಕೇಳಿಸುತ್ತಿದೆ. ಬೀಪು ಬೀಪು ಎನ್ನುವ ಸದ್ದು ಹತ್ತಿರ ಹತ್ತಿರವಾಗುತ್ತಿದೆ, ಶಿಷ್ಯೆ ತಲೆಯೆತ್ತಿದಳು, ಎದೆಬಡಿತ ಯಾಕೋ ಏರ್ತಿದೆಯಲ್ಲ, ಅಕ್ಕ, ಕೈ ಏನನ್ನುತ್ತೆ. ಎರಡು ಸಲ, ಎರಡು ಸಲ, ಉಗುರು ಅವಳ ಅಂಗೈಗೆ ನಾಟುತ್ತಿದೆ. ಒಂಬತ್ತು, ಸೊನ್ನೆ, ಎಂದಳು. ಹೊಟ್ಟೆಗೆ ಗಾಳಿ ತುಂಬಿದಾಗ ಏರುತ್ತೆ ಬಿಡ್ರಿ, ಎಂದಳು ಅವಸರದಮ್ಮ, ಹೊಟ್ಟೆ ಮೆಲ್ಲಗೆ ಉಬ್ಬುತ್ತಿದೆ, ಶಿಷ್ಯೆ ಯಂತ್ರದ ಅಂಕಿ ನೋಡಿ ಸಮಾಧಾನವಾದಳು, ಎಷ್ಟು ಸುಲಭ, ಬರೆದದ್ದನ್ನು ನಂಬುವುದು ಎಷ್ಟು ಸುಲಭ, ಇಷ್ಟೇ ಸುಲಭವಾಗಿತ್ತೇ ಅವನಿಗೂ. ಬಟ್ಟೆಯ ಅಂಚು ಎತ್ತಿದಳು, ಟೇಪು ಹಚ್ಚಿದ ಕಣ್ಣಿನ ಮೂಲೆಯಲ್ಲಿ ನೀರು ಸೋರಿ ಕಿವಿಯ ಕಡೆ ಇಳಿದಿದೆ, ತುಟಿಯನ್ನು ಆ ಒದ್ದೆಗೆ ತಾಗುವಷ್ಟು ತಂದು, ಎರಡು ವರ್ಷ ಒಂದಕ್ಷರ ಬದಲಿಸದೆ ಹೇಳಿದ ಸಾಲನ್ನು ಬಿಟ್ಟು, ಮೆಲ್ಲನೆ, ಸರ್, ಆರು ವರ್ಷದ ಹಿಂದೆ, ಎರಡನೇ ಥಿಯೇಟರು, ಸಿಸೇರಿಯನ್ನು, ಬಾತ್‌ರೂಮಿಗೆ ನೀಲಿ ಟೈಲ್ಸು ಬೇಡ, ಜಾರುತ್ತೆ ಅಂತಾಳೆ ನಮ್ಮನೆಯವಳು ಅಂದ್ರಲ್ಲ, ಆಗ ನಾನು ಕೇಳಿಸ್ಕೊಳ್ತಾ ಇದ್ದೆ, ನಿಮಗೆ ಈಗ ಆಗ್ತಾ ಇರೋದು ಕನಸು ಸರ್, ಎಲ್ರಿಗೂ ಬೀಳುತ್ತೆ.

ಕೈ ನಿಂತಿತು. ನೋವು ನಿಂತಿರಲಾರದು, ಎರಡನೆಯ ತೂತು ಕೊರೆಯುತ್ತಿದ್ದಾಳೆ ಅವಸರದಮ್ಮ, ಆದರೆ ಎರಡೆರಡು ಸಲ ಹಿಸುಕುವುದು ನಿಂತಿತು, ಕೈ ಬಿಚ್ಚಿಕೊಂಡು ಮಲಗಿತು, ಆಯಿತೇ, ಮತ್ತೆ ನಿದ್ದೆಗಿಳಿದನೇ, ತಪ್ಪಿಸಿಕೊಂಡನೇ, ಇಷ್ಟು ಬೇಗ, ಇನ್ನೂ ಎರಡು ನಿಮಿಷವೂ ತುಂಬಿಲ್ಲ, ಇನ್ನೂ ಐದು ಬಾಕಿ ಇದೆ ಎಂದು ಅವಳ ಹಲ್ಲು ಬಿಗಿಯುವಷ್ಟರಲ್ಲಿ ಬೆರಳುಗಳು ಮತ್ತೆ ಮಡಚಿಕೊಂಡವು, ಅವಸರವಿಲ್ಲದೆ, ಕಿರುಬೆರಳಿನಿಂದ ಶುರುವಾಗಿ ಒಂದರ ಮೇಲೊಂದು, ಅವಳ ಅಂಗೈಯನ್ನು ಪೂರ್ತಿ ತುಂಬಿ ಹಿಸುಕಿದವು. ಒಂದು ಸಲ. ಎರಡನೆಯದಕ್ಕೆ ಕಾದಳು. ಬರಲಿಲ್ಲ. ಹಿಡಿತ ಸಡಿಲಲೂ ಇಲ್ಲ. ಹಿಸುಕಿದ್ರು, ಹಿಸುಕಿದ್ರು, ಎರಡು ಸಲ, ನೋವು, ಮದ್ದು ಕೊಡಿ, ಎಂದು ಕೂಗಿದ ದನಿ ಯಾರದೆಂದು ಹುಡುಕಿದಳು, ತನ್ನದೇ, ಶಿಷ್ಯೆ ಹಾರಿ ಸಿರಿಂಜು ಎತ್ತಿಕೊಂಡಳು, ಮೇಡಂ, ಕೈ ತೆಗೀರಿ ಸ್ವಲ್ಪ, ಬಿಳಿಯ ಮದ್ದು ನಳಿಗೆಯಲ್ಲಿ ಓಡಿತು, ಅಯ್ಯೋ ಸರ್, ಸರ್, ಒಂದು ಕ್ಷಣ ಅಷ್ಟೆ, ಆಯ್ತು, ಆಯ್ತು, ಅಕ್ಕ, ಯಾವಾಗಿಂದ. ಈಗ, ಎಂದಳು. ಈಗಲೇನಾ. ಈಗಲೇ. ಹತ್ತು, ಎಂದು ಬರೆದಳು, ಅದರ ಮುಂದೆ ಎರಡು ಎಂದು ಬರೆದಳು, ಮೇಲಿನ ಮೂರು ಸುಳ್ಳು ಸೊನ್ನೆಗಳನ್ನು ಮುಟ್ಟಲಿಲ್ಲ, ಇವಳ ಚೀಟಿಯೂ ಈಗ ಅವನ ಚೀಟಿಯ ಪಕ್ಕ ಇಡುವಂಥದ್ದಾಯಿತು. ಮರೆವಿನ ಮದ್ದೂ ಕೊಟ್ಟಿದ್ದೀನಿ, ನೆನಪಿರಲಾರದು ಎನ್ನುತ್ತಿದ್ದಾಳೆ ಶಿಷ್ಯೆ, ಅಳುಮುಖ, ಆದರೆ ಅದು ಕೊಟ್ಟ ಮೇಲಿನದನ್ನು ಅಳಿಸುತ್ತದೆ, ಆಗಿಹೋದದ್ದನ್ನಲ್ಲ, ಅದೂ ಪುಸ್ತಕದಲ್ಲಿದೆ, ನೆನಪಿರಲಿ, ದೇವರೇ, ಇವನೊಬ್ಬನಿಗೆ ನೆನಪಿರಲಿ, ನಾಳೆ ಸ್ಟೂಲು ಎಳೆದುಕೊಂಡು ಎದುರು ಕೂತು ಕೇಳಬೇಕಾದವಳು ತಾನೇ, ನಡುವೆ ಏನಾದ್ರೂ ಕೇಳಿಸ್ತಾ ಸರ್, ಹೌದು, ನೀನು ಹೀಗೆಂದೆ ಎನ್ನಲಿ, ಕೆಲಸ ಹೋದರೆ ಹೋಗಲಿ, ಪೊಲೀಸರು ಬಂದರೆ ಬರಲಿ, ಹೌದು ಎನ್ನಬೇಕಾದರೆ ಇಬ್ಬರ ಹೌದನ್ನೂ ಒಟ್ಟಿಗೇ ಅನ್ನಬೇಕು ಅವನು, ಇಲ್ಲಾ ಕನಸು ಎನ್ನಲಿ, ತನ್ನ ನಾಲಿಗೆಯಿಂದ ತನಗೇ ಕನಸು ಎಂದುಕೊಳ್ಳಲಿ, ಅದನ್ನೂ ಬರೆದುಕೊಳ್ಳುತ್ತೇನೆ, ಅಕ್ಕ, ಹನ್ನೊಂದು, ಕೇಳಿ ಎನ್ನುತ್ತಿದ್ದಾಳೆ ಶಿಷ್ಯೆ, ಬಾಗಿದಳು, ಸಾಲು ಬಾಯಿಗೆ ಬರಲಿಲ್ಲ, ಕೈ ಈಗ ಹತ್ತಿಯ ಹಾಗೆ ಬಿದ್ದಿದೆ, ಅದರಲ್ಲಿ ಏನೂ ಇಲ್ಲ, ಆದರೂ ಅವಳ ಅಂಗೈಯಲ್ಲಿ ನಾಲ್ಕು ಬೆರಳು, ಕಿರುಬೆರಳಿನಿಂದ ಶುರುವಾಗಿ, ಅವಸರವಿಲ್ಲದೆ, ಒಂದು ಸಲ. ಒಂದು ಸಲ. ಒಂದು