ಕಾಡುದಾರಿಯ ಪಾಕ

ಬಾರಿನ ಕೌಂಟರಿನ ಹಿಂದೆ ನಿಂತವನಿಗೆ ಊರಿನವರೆಲ್ಲರ ಸಂಸಾರ ಗೊತ್ತಿರುತ್ತದೆ. ಅವನ ಸಂಸಾರ ಮಾತ್ರ ಯಾರಿಗೂ ಗೊತ್ತಿರುವುದಿಲ್ಲ. ಈ ಬಾರಿನವನ ಹೆಂಡತಿ ತೀರಿಕೊಂಡು ಒಂದು ಮಳೆಗಾಲ ಕಳೆದಿತ್ತು. ಕೌಂಟರಿನ ಆಚೆ ಕೂರುವವರಲ್ಲಿ ಒಬ್ಬರಿಗೂ ಅದು ತಿಳಿದಿರಲಿಲ್ಲ. ತಿಳಿಯುವುದಾದರೂ ಹೇಗೆ? ಕೆಲವು ದಿನ ರಜೆ ಹಾಕಿದ, ವಾಪಸು ಬಂದ. ಗಡ್ಡ ಬೋಳಿಸಿಕೊಂಡಿದ್ದ, ಅಂಗಿಗೆ ಇಸ್ತ್ರಿ ಇತ್ತು. ಬಂದವರು "ಎಲ್ಲಪ್ಪಾ ಹೋಗಿದ್ದೆ?" ಎಂದರು, ಉತ್ತರಕ್ಕೂ ಕಾಯದೆ ತಮ್ಮ ತಮ್ಮ ಗೋಳು ತೆಗೆದರು.

ಆ ಬಾರಿಗೆ ಜನ ಬರುತ್ತಿದ್ದುದೇ 'ಕಾಡುದಾರಿ' ಎಂಬ ಕಾಕ್‌ಟೇಲ್‌ಗಾಗಿ. ಜಿನ್, ಕಾಡುನಿಂಬೆಯ ರಸ, ಐಸು, ಜೊತೆಗೆ ಕಂದು ಬಣ್ಣದ ಒಂದು ಪಾಕ. ಎಲ್ಲವನ್ನೂ ಕುಲುಕಿ ಲೋಟಕ್ಕೆ ಸುರಿದ ಮೇಲೆ ಅವನು ಒಂದು ಕಾಡೆಲೆಯನ್ನು ಅಂಗೈಯಲ್ಲಿಟ್ಟು ಒಮ್ಮೆ ಚಪ್ಪಾಳೆ ತಟ್ಟುವನು. ಎಲೆ ಘಮ್ಮೆನ್ನುವುದು. ಅದನ್ನು ಮೇಲೆ ತೇಲಿಬಿಡುವನು. ಚಪ್ಪಾಳೆ ಅವನದು, ಪಾಕ ಹೆಂಡತಿಯದು. ಹೊಗಳಿಕೆಯೆಲ್ಲ ಚಪ್ಪಾಳೆಯ ಖಾತೆಗೆ ಹೋಗುತ್ತಿತ್ತು.

ಬಾರಿಗೆ ರಜೆ ಇರುವ ದಿನ ಅವಳು ಬೆಳಿಗ್ಗೆಯೇ ಊರಾಚೆಯ ಕಾಡಿನಂಚಿಗೆ ಹೋಗಿ ಕಹಿ ತೊಗಟೆ, ಕಾಡುಶುಂಠಿ, ಲಾವಂಚದ ಬೇರು ತರುತ್ತಿದ್ದಳು. ಕುದಿಸಿ, ಸೋಸಿ, ಸಕ್ಕರೆ ಸುರಿದು ಸಣ್ಣ ಉರಿಯಲ್ಲಿ ಇಡುವಳು. ಅಷ್ಟರಲ್ಲಿ ಇವನು ಏಳುವನು. ಎದ್ದವನು ಸುಮ್ಮನಿರಬೇಕಲ್ಲ! ಉರಿ ಜಾಸ್ತಿ ಎನ್ನುವನು, ಶುಂಠಿ ಕಡಿಮೆ ಎನ್ನುವನು. ಅವಳಿಗೋ ಮೂಗಿನ ತುದಿಯಲ್ಲೇ ಕೋಪ. ಸೌಟು ಹಿಡಿದುಕೊಂಡೇ ನಡುಮನೆಗೆ ಬರುವಳು. ಶುಂಠಿಯಿಂದ ಹೊರಟ ಜಗಳ ಕುರ್ಚಿಯ ಮೇಲಿನ ಒದ್ದೆ ಟವೆಲಿಗೆ ಬಂದು, ಅಲ್ಲಿಂದ ಅವನ ತಮ್ಮನ ಮದುವೆಯಲ್ಲಿ ಯಾರು ಯಾರನ್ನು ಮಾತಾಡಿಸಲಿಲ್ಲ ಎಂಬಲ್ಲಿಗೆ ಮುಟ್ಟುವುದು. ಇದ್ದಕ್ಕಿದ್ದಂತೆ ಮಾತು ಅರ್ಧಕ್ಕೇ ಬಿಟ್ಟು ಅಡುಗೆಮನೆಗೆ ಓಡುವಳು. ಗೆದ್ದವನು ತಾನೇ ಎಂದುಕೊಂಡು ಇವನು ಪೇಪರು ಬಿಡಿಸುವನು. ಆ ಪಾತ್ರೆಯನ್ನು ತೊಳೆಯಲು ಮಾತ್ರ ಅವಳು ಅವನಿಗೆ ಎಂದೂ ಕೊಟ್ಟವಳಲ್ಲ. "ನನ್ನ ಪಾತ್ರೆ ಮುಟ್ಟಬೇಡಿ" ಎಂದು ಬೆನ್ನು ತಿರುಗಿಸಿ ತಾನೇ ಉಜ್ಜುತ್ತಿದ್ದಳು.

ಅವಳು ಹೋದ ಮೇಲೆ ಮನೆ ಒಪ್ಪ ಮಾಡುವಾಗ ಅದೇ ಪಾತ್ರೆ ಅವನ ಕೈಗೆ ಬಂತು. ತಳದಲ್ಲಿ ಅಂಗೈಯಗಲ ಕಪ್ಪು ಕಲೆ. ಎಷ್ಟೋ ಹೊತ್ತು ಕೂತು ತಿಕ್ಕಿದ. ಮುಖ ಕಾಣುವಷ್ಟು ಬೆಳ್ಳಗಾಯಿತು. ತಾನೊಂದು ಒಳ್ಳೆಯ ಕೆಲಸ ಮಾಡಿದೆ ಎಂದುಕೊಂಡ, ಪಾಪ.

ಅವಳು ಮಾಡಿಟ್ಟ ಕೊನೆಯ ಬಾಟಲಿಯಲ್ಲಿ ನಾಲ್ಕು ಬೆರಳಷ್ಟು ಪಾಕ ಉಳಿದಿತ್ತು. ಅದನ್ನು ಬಾರಿಗೆ ಒಯ್ಯದೆ ಮನೆಯ ಫ್ರಿಜ್ಜಿನಲ್ಲೇ ಇಟ್ಟ. ರಜೆ ಬಂದಾಗಲೆಲ್ಲ ತಾನೇ ಕಾಡಿನಂಚಿಗೆ ಹೋದ, ಅದೇ ಮರ, ಅದೇ ಬೇರು. ಒಲೆಯ ಪಕ್ಕ ಸ್ಟೂಲು ಹಾಕಿಕೊಂಡು, ಕಣ್ಣಲ್ಲಿ ಕಣ್ಣಿಟ್ಟು ಪಾಕ ಕಾಯಿಸಿದ. ಕರೆಯುವವರಿಲ್ಲ, ಕೆಣಕುವವರಿಲ್ಲ, ಸೌಟು ಪಾತ್ರೆಗೆ ತಾಗುವ ಸದ್ದು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿಲ್ಲ. ಬಣ್ಣ ಬಂತು, ಹದ ಬಂತು. ಆಮೇಲೆ ಕಸುಬಿನವರು ಮಾಡುವಂತೆ ಸ್ಟ್ರಾ ಅದ್ದಿ, ಮೇಲಿನ ತುದಿಗೆ ಬೆರಳೊತ್ತಿ, ಒಂದು ಹನಿ ಅವಳದ್ದು, ಒಂದು ಹನಿ ತನ್ನದು ನಾಲಿಗೆಗೆ ಬಿಟ್ಟುಕೊಂಡ. ತನ್ನದರಲ್ಲಿ ಏನೂ ತಪ್ಪಿಲ್ಲ. ಆದರೆ ಅದು ಅದಲ್ಲ. ತೊಗಟೆ ಬದಲಿಸಿ ನೋಡಿದ, ಸಕ್ಕರೆ ಬದಲಿಸಿ ನೋಡಿದ. ಪ್ರತಿ ಸಲ ಹೋಲಿಸಲು ಅವಳ ಬಾಟಲಿಯಿಂದ ಹನಿ ತೆಗೆಯಲೇಬೇಕು. ನಾಲ್ಕು ಬೆರಳು ಎರಡಾಯಿತು, ಎರಡು ಒಂದಾಯಿತು. ಅದು ಮುಗಿದರೆ ಅವಳ ಕೈರುಚಿ ಹೇಗಿತ್ತೆಂದು ಹೇಳಲು ಜಗತ್ತಿನಲ್ಲಿ ಏನೂ ಉಳಿಯುವುದಿಲ್ಲ ಎಂದು ಅವನಿಗೆ ಭಯವಾಗತೊಡಗಿತು.

ಬಾರಿನಲ್ಲಿ ವ್ಯತ್ಯಾಸ ಗುರುತಿಸಿದವರು ಛತ್ರಿಯವರೊಬ್ಬರೇ. ಮಳೆಯಿರಲಿ ಬಿಸಿಲಿರಲಿ, ಛತ್ರಿಯಿಲ್ಲದೆ ಬಂದವರಲ್ಲ. ಪಕ್ಕದ ಕುರ್ಚಿಯ ಮೇಲೆ ಅದನ್ನು ನೆಂಟನಂತೆ ಕೂರಿಸಿ, ಒಂದೇ ಒಂದು ಕಾಡುದಾರಿ ಕುಡಿದು ಹೋಗುವವರು.

"ಎಲ್ಲಾ ಇದೆ ಕಣಪ್ಪ, ಏನೋ ಒಂದಿಲ್ಲ. ಯಾರು ಮಾಡಿದ್ದು ಇದು?"

"ನಾನೇ ಸಾರ್. ಮನೆಯವಳು ಊರಿಗೆ ಹೋಗಿದಾಳೆ."

ಸುಳ್ಳು ಬಾಯಿಂದ ತಾನಾಗಿ ಜಾರಿತು. ಜಾರಿದ ಮೇಲೆ ಅವನಿಗೆ ಹಿತವೂ ಆಯಿತು. ಊರಿಗೆ ಹೋದವರು ಬರುತ್ತಾರಲ್ಲ.

ಮುಂದಿನ ರಜೆಯ ದಿನ ಸಕ್ಕರೆ ಕರಗಿ ನೊರೆಯೇಳುವ ಹೊತ್ತಿಗೆ ನಡುಮನೆಯಲ್ಲಿ ಫೋನು ಹೊಡೆದುಕೊಂಡಿತು. ನಾದಿನಿ. ಎಷ್ಟೋ ಸಲ ಮಾಡಿದ್ದಳು, ಇವನು ಎತ್ತಿರಲಿಲ್ಲ. ಅವಳ ದನಿ ಅಕ್ಕನ ದನಿಯೇ, ಅದಕ್ಕೇ ಎತ್ತಿರಲಿಲ್ಲ. ಇವತ್ತು ಅದು ನಿಲ್ಲುವ ಹಾಗೆ ಕಾಣಲಿಲ್ಲ.

"ಭಾವ, ಬದುಕಿದೀರಾ?"

"ಇದೀನಮ್ಮ. ಪಾಕ ಇಟ್ಟಿದೀನಿ, ಆಮೇಲೆ ನಾನೇ ಮಾಡ್ತೀನಿ."

"ನಿಮ್ಮ ಕ್ಯಾಲೆಂಡರಲ್ಲಿ ಆಮೇಲೆ ಅನ್ನೋದು ಯಾವ ವಾರ ಬರತ್ತೆ? ಅಮ್ಮ ದಿನಾ ಕೇಳ್ತಾಳೆ. ಅಕ್ಕ ಹೋದ್ಮೇಲೆ ನಾವೂ ಸತ್ತ ಹಾಗೇನಾ ನಿಮ್ಮ ಪಾಲಿಗೆ?"

"ಹಾಗಲ್ಲ ಕಣಮ್ಮ, ಕೆಲಸ..."

"ಅಕ್ಕ ಇದ್ದಾಗ್ಲೂ ಕೆಲಸ, ಈಗ್ಲೂ ಕೆಲಸ. ಪಾಕ ಬೇರೆ ಮಾಡ್ತೀರಂತೆ! ಶುಂಠಿ ಎಷ್ಟು ಹಾಕ್ತಿದೀರಾ?"

"ಅವಳು ಹಾಕ್ತಿದ್ದಷ್ಟೇ."

"ಅವಳದ್ದು ಕಡಿಮೆ ಅಂತಿದ್ರಲ್ಲ ಯಾವಾಗ್ಲೂ?"

"ಕಡಿಮೆನೇ ಹಾಕ್ತಿದ್ಲು!"

"ನೋಡಿ, ನೋಡಿ! ಈಗ್ಲೂ ತಪ್ಪು ಹುಡುಕ್ತೀರಲ್ಲ! ಅಷ್ಟು ವರ್ಷ ಒಲೆ ಮುಂದೆ ಬೆಂದ್ಲು. ಒಂದು ದಿನ ಚೆನ್ನಾಗಿದೆ ಅಂದ್ರಾ?"

"ಊರಿಗೆ ಊರೇ ಹೊಗಳ್ತಿತ್ತು!"

"ಊರು ಹೊಗಳ್ತು. ನೀವು ಅಂದ್ರಾ ಭಾವ?"

ಉತ್ತರ ಇಲ್ಲದವನು ಮಾಡುವುದನ್ನೇ ಅವನೂ ಮಾಡಿದ: ದನಿ ಏರಿಸಿದ. ಬಾಯಿಗೆ ಬಂದದ್ದೆಲ್ಲ ಅಂದ. ತಮ್ಮನ ಮದುವೆಯ ವಿಷಯವನ್ನೂ ಎಳೆದು ತಂದ. ನಾದಿನಿ ಬಿಡುವವಳೇ? ಮಾತಿಗೆ ಎರಡು ಮಾತು ಸೇರಿಸಿ ತಿರುಗಿಸಿದಳು. ತಿಂಗಳುಗಳಿಂದ "ಐಸು ಜಾಸ್ತಿ ಹಾಕ್ಲಾ ಸಾರ್" ಎಂಬುದಕ್ಕಿಂತ ದೊಡ್ಡ ಮಾತಾಡದವನು ಬೀದಿಗೆ ಕೇಳುವಂತೆ ಕೂಗಾಡಿದ. ಆಗ ಮೂಗಿಗೆ ವಾಸನೆ ಬಡಿಯಿತು.

"ಇಡೇ ಫೋನು!" ಎಂದವನೇ ಒಳಗೆ ಓಡಿದ.

ಪಾಕ ತಳ ಹಿಡಿದಿತ್ತು. ಇಳಿಸಿ, ಬೈದುಕೊಳ್ಳುತ್ತ ಬೇರೆ ಪಾತ್ರೆಗೆ ಸುರಿದ. ತಿಕ್ಕಿ ತಿಕ್ಕಿ ಬೆಳ್ಳಗೆ ಮಾಡಿದ್ದ ಜಾಗದಲ್ಲೇ ಅಂಗೈಯಗಲ ಕಪ್ಪು ಕಲೆ ಮತ್ತೆ ಕೂತಿತ್ತು. ಅದನ್ನೇ ನೋಡುತ್ತ ನಿಂತ. ಸ್ಟ್ರಾ ಅದ್ದಿ ಒಂದು ಹನಿ ನಾಲಿಗೆಗೆ ಬಿಟ್ಟುಕೊಂಡ. ಸಿಹಿಯ ಹಿಂದೆ ಕಹಿ, ಕಹಿಯ ಹಿಂದೆ ಸಣ್ಣಗೆ ಸುಟ್ಟ ಘಾಟು. ಹೋಲಿಸಿ ನೋಡಲು ಫ್ರಿಜ್ಜು ತೆರೆಯುವ ಅಗತ್ಯವೇ ಬೀಳಲಿಲ್ಲ.

ಮೊದಲು ಅವನಿಗೆ ನಗು ಬಂತು. ಕಳ್ಳಿ! ಮಾತು ಅರ್ಧಕ್ಕೆ ಬಿಟ್ಟು ಓಡುತ್ತಿದ್ದದ್ದು ಇದಕ್ಕೆ, ಪಾತ್ರೆ ಮುಟ್ಟಲು ಬಿಡದೇ ಇದ್ದದ್ದು ಇದಕ್ಕೆ. ತಳ ಹಿಡಿಯಿತು ಎಂದು ಒಪ್ಪಿಕೊಂಡರೆ ಗಂಡನ ಕೈ ಮೇಲಾಗುತ್ತದಲ್ಲ! ಇಷ್ಟು ವರ್ಷ ಊರಿನವರು ಚಪ್ಪರಿಸಿದ್ದು ಇವರಿಬ್ಬರ ಜಗಳವನ್ನು. ನಗುತ್ತ ನಗುತ್ತಲೇ ಅವನು ಸ್ಟೂಲಿನ ಮೇಲೆ ಕುಸಿದು ಅತ್ತ. ಒಂಟಿ ಮನೆಯಲ್ಲಿ ಯಾವ ಪಾಕವೂ ತಳ ಹಿಡಿಯುವುದಿಲ್ಲ. ಹೆಂಡತಿ ಸತ್ತಾಗ ಅವನು ಹೀಗೆ ಅತ್ತಿರಲಿಲ್ಲ.

ಮಾರನೆಯ ಸಂಜೆ ಛತ್ರಿಯವರು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. ಮುಖ ಅರಳಿತು.

"ಬಂದ್ರಾ ಮನೆಯವರು?"

ಹೂಂ ಎಂದಿದ್ದರೆ ಮುಗಿದುಹೋಗುತ್ತಿತ್ತು. ಅವನು ಕೌಂಟರು ಒರೆಸುವ ಬಟ್ಟೆಯನ್ನು ಮಡಿಸಿಟ್ಟ.

"ಇಲ್ಲ ಸಾರ್. ಅವಳು ತೀರಿಕೊಂಡ್ಲು, ಮಳೆಗಾಲಕ್ಕೆ ಮುಂಚೆನೇ. ಊರಿಗೆ ಹೋಗಿದಾಳೆ ಅಂತ ಸುಮ್ನೆ ಅಂದೆ."

ಛತ್ರಿಯವರು ಪಕ್ಕದ ಕುರ್ಚಿಯ ಮೇಲಿದ್ದ ಛತ್ರಿಯನ್ನು ಎತ್ತಿ ನೆಲಕ್ಕಿಟ್ಟು, "ಕೂತ್ಕೊಳಪ್ಪ" ಎಂದರು. ಬಾರಿನವನು ಗಿರಾಕಿಗಳ ಜೊತೆ ಕೂರುವುದುಂಟೆ? ಕೂರಲಿಲ್ಲ. ಆದರೆ ಅವರು ಎದ್ದು ಹೋಗುವವರೆಗೆ ಕೌಂಟರಿನ ಆ ತುದಿ ಬಿಟ್ಟು ಕದಲಲಿಲ್ಲ.

ತಳ ಹಿಡಿದ ಆ ಪಾಕ ಮುಗಿಯುತ್ತ ಬಂದಾಗ, ರಜೆಯ ದಿನ, ಬೇಕೆಂದೇ ಪಾಕ ತಳ ಹಿಡಿಸಲು ನೋಡಿದ. ಒಮ್ಮೆ ಹೆದರಿ ಬೇಗ ಇಳಿಸಿದ, ಇನ್ನೊಮ್ಮೆ ಬರೀ ಮಸಿಯಾಯಿತು. ನೋಡುತ್ತ ಕೂತು ಸುಡುವುದು ಅವನ ಕೈಗೆ ಬರಲಿಲ್ಲ. ಗಡಿಯಾರ ಹಿಡಿದು ಕೂತಿದ್ದರೆ ಬರುತ್ತಿತ್ತೋ ಏನೋ. ಅಷ್ಟು ಕಸುಬು ಅವನಿಗೂ ಗೊತ್ತಿತ್ತು. ಆದರೆ ಅವನಿಗೆ ಬೇಕಾಗಿದ್ದದ್ದು ಗಡಿಯಾರವಲ್ಲ. ಮೂರನೆಯ ಸಲ ಸಕ್ಕರೆ ಸುರಿದು, ಉರಿ ಸಣ್ಣ ಮಾಡಿ, ನಡುಮನೆಗೆ ಬಂದು ನಂಬರು ಒತ್ತಿದ.

"ಏನ್ ಭಾವ?" ನಾದಿನಿಯ ದನಿ ಇನ್ನೂ ಬಿಗಿದುಕೊಂಡೇ ಇತ್ತು.

"ಚೆನ್ನಾಗಿರ್ತಿತ್ತು ಕಣಮ್ಮ."

"ಏನು?"

"ನಿಮ್ಮಕ್ಕನ ಪಾಕ. ತುಂಬಾ ಚೆನ್ನಾಗಿರ್ತಿತ್ತು. ಅವಳಿಗೆ ಒಂದು ಸಲನೂ ಹೇಳ್ಲಿಲ್ಲ ನಾನು."

ಆ ಕಡೆಯಿಂದ ಮೂಗೆಳೆದ ಸದ್ದು ಕೇಳಿಸಿತು. ಅಡುಗೆಮನೆಯಲ್ಲಿ ಪಾಕ ಗುಳುಗುಳು ಎನ್ನತೊಡಗಿತ್ತು. ಅವನು ಗಂಟಲು ಸರಿಮಾಡಿಕೊಂಡ.

"ಆದ್ರೆ ಶುಂಠಿ ಮಾತ್ರ ಕಡಿಮೆನೇ ಹಾಕ್ತಿದ್ಲು."

"ಏನಂದ್ರಿ? ಇನ್ನೊಂದ್ಸಲ ಹೇಳಿ?"

ಅವನು ಕುರ್ಚಿಯನ್ನು ಅಡುಗೆಮನೆಗೆ ಬೆನ್ನು ಮಾಡಿ ಎಳೆದುಕೊಂಡು ಕೂತ.