ಹೆಸರಿನ ಜಾಗ

ನನ್ನ ಗಂಡನಿಗೆ ನನ್ನ ಹೆಸರು ನೆನಪಿದೆಯೋ ಇಲ್ಲವೋ, ಅದೊಂದು ನನಗೆ ಗೊತ್ತಾಗಬೇಕಿತ್ತು. ನಗಬೇಡಿ. ನಮ್ಮ ಕಾಲದಲ್ಲಿ ಗಂಡ ಹೆಂಡತಿಯನ್ನು ಹೆಸರು ಹಿಡಿದು ಕರೆಯುವ ಕ್ರಮವೇ ಇರಲಿಲ್ಲ. ಮದುವೆಯಾದಾಗ ಹಸನಬ್ಬರಿಗೆ ನಾನು ‘ಇದಾ’. ಮಗಳು ಹುಟ್ಟಿದ ಮೇಲೆ ‘ಸುಮೀನಾನ ಉಮ್ಮ’. ಈಗ ಕೆಲವು ಕಾಲದಿಂದ ಮತ್ತೆ ಬರೀ ‘ಇದಾ’. ಇದು ಪ್ರೀತಿಯೋ ಮರೆವೋ, ಹೇಗೆ ಹೇಳುವುದು ಮಾರಾಯ್ರೆ?

ದುಬೈಯ ಬ್ಯಾರಿ ಮದುವೆಗಳಲ್ಲಿ ಹಾಡಿ ಹಾಡಿ ಕೂದಲು ಬೆಳ್ಳಗಾದವರು ಇವರು. ಎಲ್ಲಾ ಸ್ವಂತ ಹಾಡು. ಇನ್ನೊಬ್ಬರದ್ದು ಹಾಡಿ ಎಂದರೆ ಮುಖ ಸಿಂಡರಿಸುತ್ತಿದ್ದರು. ಅಂಥವರು ಈ ಪ್ರಾಯದಲ್ಲಿ ಹಳೆಯ ಗಾಯಕರ ಹಾಡುಗಳದ್ದೇ ಒಂದು ಆಲ್ಬಂ ಮಾಡಲು ಹೊರಟರು. ಎಂಥಾ ದೊಡ್ಡ ಮನಸ್ಸು ಎಂದು ಎಲ್ಲರೂ ಹೊಗಳಿದರು. ದೊಡ್ಡ ಮನಸ್ಸೂ ಇಲ್ಲ, ಮಣ್ಣೂ ಇಲ್ಲ. ಸ್ವಂತ ಹಾಡುಗಳು ಒಂದೊಂದಾಗಿ ಮರೆಯುತ್ತಿದ್ದವು. ಎಳವೆಯಲ್ಲಿ ಕಲಿತವು ಮಾತ್ರ ಗಟ್ಟಿಯಾಗಿ ಉಳಿದಿದ್ದವು. ಅಡುಗೆಮನೆಯಲ್ಲಿ ನಿಂತು ದಿನಾ ಕೇಳುವ ನನಗೆ ಅದು ತಿಳಿಯದೆ ಇರುತ್ತದಾ?

ಸುಮೀನಾಳಿಗೆ ಹೇಳಿದೆ. “ಉಮ್ಮ, ಪ್ಲೀಸ್, ಡೋಂಟ್ ಸ್ಟಾರ್ಟ್. ಉಪ್ಪ ನಿಮಗಿಂತ ಶಾರ್ಪ್ ಇದ್ದಾರೆ” ಎಂದಳು.

ಆಲ್ಬಂನ ಕೊನೆಯ ಹಾಡು ಹಳೆಯ ಗಾಯಕ ಇಲ್ಯಾಸರದ್ದು. ನಮ್ಮ ಮದುವೆಗೆ ಅವರೇ ಬಂದು ಹಾಡಿದ್ದು. ಅದರಲ್ಲಿ ಮದುಮಗಳ ಹೆಸರಿಗೊಂದು ಜಾಗ ಇದೆ. ಯಾರ ಮದುವೆಯೋ ಅವಳ ಹೆಸರು ಸೇರಿಸಿ ಹಾಡಬೇಕು. ಇವರ ಹಾಡುಗಳಲ್ಲೂ ಹಾಗೆಯೇ. ಅದಕ್ಕಾಗಿ ಪ್ರತಿ ಮದುವೆಯಲ್ಲೂ ಮೈಕ್ ಹಿಡಿಯುವ ಮೊದಲು ಹುಡುಗಿಯ ಕಡೆಯವರ ಬಳಿ ಹೋಗಿ, ಬಗ್ಗಿ, “ಮದುಮಗಳ ಹೆಸರು ಎಂತ?” ಎಂದು ಕೇಳುತ್ತಿದ್ದರು.

ಆಲ್ಬಂನಲ್ಲಿ ಯಾರ ಹೆಸರು ಹಾಕುವುದೆಂದು ಸ್ಟುಡಿಯೋದ ತಿಲಕ್ ಕೇಳಿದ್ದಕ್ಕೆ, “ನನ್ನ ಮದುಮಗಳದ್ದೇ” ಎಂದರಂತೆ. ತಿಲಕ್ ಫೋನಿನಲ್ಲಿ ನಗುತ್ತಾ ಹೇಳಿದ. ಹಾಗಾದರೆ ಅಲ್ಲೇ ಗೊತ್ತಾಗುತ್ತದೆ ಎಂದುಕೊಂಡೆ.

ಸ್ಟುಡಿಯೋ ಇರುವುದು ರಾಸ್ ಅಲ್ ಖೋರ್‌ನಲ್ಲಿ, ಗ್ಯಾರೇಜಿನ ಮೇಲೆ. ಕೆಳಗೆ ತಗಡು ಬಡಿಯುವುದು ನಿಂತರೆ ಮಾತ್ರ ರೆಕಾರ್ಡಿಂಗ್, ಹಾಗಾಗಿ ಭಾನುವಾರ ಹೋಗುವುದು. ಚಾ ಫ್ಲಾಸ್ಕ್ ಹಿಡಿದು ನಾನೂ ಹೊರಟೆ. ದಾರಿಯಲ್ಲಿ ಹೆಸರು ಹೇಳಿಬಿಡೋಣ ಎಂದು ಬಾಯಿವರೆಗೆ ಬಂತು. ಹೇಳಿದರೆ ಮತ್ತೆ ಗೊತ್ತಾಗುವುದು ಹೇಗೆ? ಹಠ ಹಿಡಿದು ಸುಮ್ಮನೆ ಕೂತೆ.

ಗಾಜಿನ ಆಚೆ ನಿಂತು ಹಾಡಿದರು. ಸ್ವರ ಒಂದಿಷ್ಟೂ ಅಲುಗಲಿಲ್ಲ. ಹೆಸರಿನ ಜಾಗ ಬಂತು. ನಿಂತರು.

ಹೆಡ್‌ಫೋನ್ ತೆಗೆದಿಟ್ಟು, ಬಾಗಿಲು ತೆರೆದು, ನೇರ ನನ್ನ ಬಳಿ ಬಂದರು. ಬಗ್ಗಿ, ಮರ್ಯಾದೆಯಿಂದ ಕೇಳಿದರು:

“ಮದುಮಗಳ ಹೆಸರು ಎಂತ?”

ತಿಲಕ್ ಚಪ್ಪಾಳೆ ತಟ್ಟಿದ. “ಓಹೋ ಹಸನಬ್ಬಾಕ! ಈ ಪ್ರಾಯದಲ್ಲಿ ಎಂತ ರೊಮಾನ್ಸ್ ಮಾರಾಯ್ರೆ!”

ಇವರು ನಗಲಿಲ್ಲ. ನನ್ನ ಬಾಯಿಯನ್ನೇ ನೋಡುತ್ತಾ ಕಾದರು.

“ಝುಲೈಖ” ಎಂದೆ.

ತಲೆಯಾಡಿಸಿ ಒಳಗೆ ಹೋದರು. ಹಾಡಿದರು. ನನ್ನ ಹೆಸರನ್ನು ಎಳೆದು, ಮೇಲಕ್ಕೇರಿಸಿ, ಮೆಲ್ಲ ಕೆಳಗಿಳಿಸಿದರು. ಇಷ್ಟು ವರ್ಷದಲ್ಲಿ ಅವರ ಬಾಯಲ್ಲಿ ಅದನ್ನು ಕೇಳಿದ್ದು ಮೊದಲ ಸಲ. ಎದೆ ಒಡೆಯುತ್ತಿತ್ತು, ಆದರೂ ನಾಚಿಕೆಯಾಯಿತು. ಶಾಲಿನ ತುದಿಯನ್ನು ಬಾಯಿಗೆ ಒತ್ತಿಕೊಂಡೆ.

“ಖಲಾಸ್ ಆಂಟಿ! ಫಸ್ಟ್ ಕ್ಲಾಸ್ ಬಂತು.”

“ಎಂತ ಖಲಾಸ್? ಇನ್ನೊಂದು ಸಲ ಹಾಡಿಸು.”

“ಯಾಕೆ, ಎಲ್ಲಿ ತಪ್ಪಾಯಿತು?”

“ತಪ್ಪೇನಿಲ್ಲ. ಆ ಹೆಸರಿನ ಸಾಲು ಇನ್ನೊಂದು ಸಲ ಹಾಡಿಸು, ತಿಲಕ್. ಬೇಗ. ಅವರು ಮರೆಯುವ ಮೊದಲು.”