ಎರವಲು ಅಚ್ಚು

ಸೂಕ್ಷ್ಮದರ್ಶಕದ ಕೆಳಗೆ, ಹನಿಯೊಳಗಿನ ಪ್ರೋಟೀನಿನ ಹರಳು ಮೊದಲು ಮಂಕಾಯಿತು, ಆಮೇಲೆ ಅಂಚಿನಿಂದ ಒಂದು ಗೆರೆ, ಕೂದಲೆಳೆಯಷ್ಟು ಸಣ್ಣದು, ನಿಧಾನವಾಗಿ ಒಳಕ್ಕೆ ಹರಿಯಿತು — ಹೋಯಿತು, ಇದೂ ಹೋಯಿತು, ಪಾದರಸದ ದ್ರಾವಣ ಒಂದು ಚೂರು ಹೆಚ್ಚಾಯಿತೇನೋ, ಇಲ್ಲ, ಇದಕ್ಕೆ ಪಾದರಸವೇ ಆಗಿಬರುವುದಿಲ್ಲ, ಪ್ಲಾಟಿನಂ ಆಗಲಿಲ್ಲ, ಚಿನ್ನ ಆಗಲಿಲ್ಲ, ಭಾರದ ಪರಮಾಣು ಯಾವುದನ್ನು ಹತ್ತಿರ ತಂದರೂ ಸಿಡುಕಿ ಬಿರುಕು ಬಿಡುತ್ತದೆ, ಅವಳು ಕಣ್ಣು ತೆಗೆಯದೆ ನೋಡುತ್ತಾಳೆ, ಕಣ್ಣು ತೆಗೆದರೆ ಪಕ್ಕದ ಮೇಜಿನವಳು ಏನಾಯ್ತು ಅಂತ ಕೇಳುತ್ತಾಳೆ, ಕೇಳಿಯೇಬಿಟ್ಟಳು, ಏನಾಯ್ತು ಹರಳಕ್ಕಾ, ಒಡೀತಾ. ಹರಳಕ್ಕ — ಈ ಕಟ್ಟಡದಲ್ಲಿ ಅವಳಿಗೆ ಅದೇ ಹೆಸರು, ಯಾರು ಇಟ್ಟರೋ, ಹರಳಿನ ಹಿಂದೆ ಬಿದ್ದು ತಲೆ ನರೆಸಿಕೊಂಡವಳು ಅಂತ ಇರಬೇಕು, ಬೇಸರವಿಲ್ಲ, ಅಕ್ಕಾ ಎಂದು ಕರೆಯುವವರು ಇಲ್ಲಿ ಮಾತ್ರ ತಾನೇ. ಒಡೀತು, ಎಂದಳು. ಈಗೆಲ್ಲ ಯಾರು ಪಾದರಸ ಮುಟ್ತಾರೆ ಹೇಳಿ ಹರಳಕ್ಕಾ, ಹತ್ತರಲ್ಲಿ ಏಳೆಂಟು ಜನ ಎರವಲು ಅಚ್ಚಲ್ಲೇ ಮುಗಿಸ್ತಾರೆ, ಮಿಕ್ಕವರು ಪ್ರೋಟೀನಿಗೇ ಸೆಲೆನಿಯಂ ಸೇರಿಸ್ತಾರೆ, ನೀವೊಬ್ರೇ ಇನ್ನೂ ಹಳೇ ಕಾಲದ ಹಾಗೆ. ಸೆಲೆನಿಯಂ ಸೇರಿಸಿಯೂ ನೋಡಿದ್ದಾಯಿತಲ್ಲ, ಸೇರಿಸಿದರೆ ಹರಳೇ ಕಟ್ಟಲಿಲ್ಲ. ಎರವಲು ಕೊಡೋಕೆ ನಂಟರು ಬೇಕಲ್ಲಮ್ಮ, ಎಂದಳು, ಇದಕ್ಕೆ ನಂಟರೇ ಇಲ್ಲ.

ನಂಟರೇ ಇಲ್ಲ, ಬಾಯಿಂದ ಬಂದ ಮೇಲೆ ಮಾತು ಕೋಣೆಯಲ್ಲೇ ಉಳಿದುಬಿಟ್ಟಿತು, ಫ್ರಿಜ್ಜಿನ ಗುಂಯ್‌ಗುಡುವಿಕೆಯ ಜೊತೆ. ಕ್ಷ-ಕಿರಣ ಹರಳನ್ನು ಹಾದು ಚುಕ್ಕೆಗಳಾಗಿ ಬೀಳುತ್ತದೆ, ಯಾವ ಚುಕ್ಕೆ ಎಷ್ಟು ಗಾಢ ಎಂದು ತಿಳಿಯುತ್ತದೆ, ಯಾವ ಅಲೆ ಮುಂದೆ ಯಾವುದು ಹಿಂದೆ ಎಂಬುದು ಮಾತ್ರ ದಾರಿಯಲ್ಲೇ ಕಳೆದುಹೋಗುತ್ತದೆ, ಅದು ಸಿಗದೆ ಪ್ರೋಟೀನಿನ ಆಕಾರವಿಲ್ಲ, ಸಿಗಬೇಕಾದರೆ ಭಾರದ ಪರಮಾಣುವನ್ನು ಗುರುತುಕಲ್ಲಿನಂತೆ ಒಳಗೆ ನೆಡಬೇಕು, ಇಲ್ಲವೇ ಹೋಲುವ ಇನ್ನೊಂದು ಪ್ರೋಟೀನಿನ ಆಕಾರವನ್ನು ಎರವಲು ತಂದು ಅಚ್ಚಿನಂತೆ ಕೂರಿಸಬೇಕು — ಹೋಲುವುದು ಇದ್ದರೆ. ಮೂಗು ಯಾರದಪ್ಪಾ ಇದು, ನಮ್ಮ ಕಡೇದಂತೂ ಅಲ್ಲ, ಸೋದರತ್ತೆ ಪುಟ್ಟ ಹುಡುಗಿಯಾದ ಅವಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸುತ್ತಾಳೆ, ಅಮ್ಮ ಜಡೆ ಹೆಣೆಯುತ್ತಲೇ ಹೇಳುತ್ತಾಳೆ, ಅವಳ ಮೂಗು ಅವಳದೇ, ಇನ್ಯಾರದ್ದಾಗ್ಬೇಕು. ಅಮ್ಮ ಹೆತ್ತದ್ದಲ್ಲ, ಆಸ್ಪತ್ರೆಯಿಂದ ಮಡಿಲಿಗೆ ಹಾಕಿಕೊಂಡು ತಂದದ್ದು, ಮುಚ್ಚಿಡಲಿಲ್ಲ, ಎತ್ತಿ ಆಡಲೂ ಇಲ್ಲ. ಹೋದ ಚಳಿಗಾಲದಲ್ಲಿ ಅಮ್ಮ ಹೋದಾಗ, ಮಾತಾಡಿಸಲು ಬಂದ ನೆರೆಮನೆಯವರು, ನೀನು ಥೇಟ್ ನಿಮ್ಮಮ್ಮನ ಹಾಗೇ ಕಣಮ್ಮ, ಆ ನಿಲ್ಲೋದು, ಆ ತಿರುಗೋದು, ಎಂದರು, ಸಮಾಧಾನಕ್ಕೆ ಅಂದದ್ದು, ಅವಳಿಗೆ ಗೊತ್ತಿಲ್ಲವೇ, ಅದು ಅಚ್ಚಿನ ಮೋಸ — ಯಾವ ಅಚ್ಚು ಕೂರಿಸುತ್ತೀಯೋ ಆಕಾರದ ನಕ್ಷೆಯಲ್ಲಿ ಅದರ ಮುಖವೇ ಕಾಣುತ್ತದೆ, ನೋಡುವವರ ಕಣ್ಣಲ್ಲಿ ಅಮ್ಮ ಇದ್ದಳು, ಅದಕ್ಕೇ ಇವಳಲ್ಲೂ ಕಂಡಳು. ಎರವಲನ್ನು ಇಷ್ಟು ವರ್ಷ ದೂರವಿಟ್ಟದ್ದೂ ಅದಕ್ಕೇ, ತನ್ನ ಪ್ರೋಟೀನು ತನ್ನ ಮುಖದಲ್ಲೇ ಬರಲಿ ಎಂದು ಹಟ ಹಿಡಿದು ಕೂತದ್ದು, ಈಗ ತಟ್ಟೆಯಲ್ಲಿ ಒಂದೂ ಒಳ್ಳೆಯ ಹರಳಿಲ್ಲ, ಉಳಿದಿರುವುದು ಪಾದರಸ ಮುಟ್ಟುವ ಮುಂಚೆ ತೆಗೆದಿಟ್ಟ ಚುಕ್ಕೆಗಳ ಚಿತ್ರ ಮಾತ್ರ. ಹಾಕಿ ನೋಡು, ಎಂದಳು, ತಿರುಗದೆ. ಏನು ಹರಳಕ್ಕಾ. ಅದೇ, ನಂಟರಿಲ್ಲದಿದ್ರೂ ಕಂಪ್ಯೂಟರ್ ಊಹಿಸಿಕೊಡತ್ತೆ ಅಂತ ಮೊನ್ನೆ ಅಂದ್ಯಲ್ಲ, ಆ ಅಚ್ಚು, ಹಾಕಿ ನೋಡು.

ಬಂತು, ಎಂಬ ಮಾತು ಕೇಳಿದಾಗ ಅವಳು ಗಾಜಿನ ತಟ್ಟೆ ತೊಳೆಯುತ್ತಿದ್ದಳು, ಇಷ್ಟು ಬೇಗವೇ, ಕೈ ಇನ್ನೂ ಒದ್ದೆ. ಬಂತು ಹರಳಕ್ಕಾ, ಅಚ್ಚು ಸರಿಯಾಗಿ ಕೂತ್ಕೊಂಡ್ತು, ನೋಡ್ತಾ ಇರಿ, ನಾನು ಮಗಳನ್ನ ಸ್ಕೂಲಿಂದ ಕರ್ಕೊಂಡು ಹೋಗ್ಬೇಕು, ಅನುಮಾನ ಪಡ್ಬೇಡಿ, ಇವತ್ತೊಂದು ದಿನ ಸುಮ್ನೆ ಖುಷಿಪಡಿ. ಬಾಗಿಲು, ಮೆಟ್ಟಿಲ ಮೇಲೆ ಚಪ್ಪಲಿ ಸದ್ದು, ಮತ್ತೆ ಫ್ರಿಜ್ಜು. ಪರದೆಯ ಮೇಲೆ ನಕ್ಷೆಯ ನೀಲಿ ಬಲೆ, ಬಲೆಯೊಳಗೆ ಪ್ರೋಟೀನಿನ ಸರಪಳಿ, ಎಷ್ಟು ಚೆಂದ, ಚೆಂದವಾಗಿರುವುದೇ ಭಯ, ಇದು ನನ್ನದೋ ಊಹೆಯದೋ, ಯಾರನ್ನು ಕೇಳುವುದು, ಪರೀಕ್ಷೆ ಮಾಡಬೇಕು, ಅಚ್ಚಿನಿಂದ ಒಂದು ತುಂಡು ಕಿತ್ತು ಹಾಕಬೇಕು, ಅದು ಅಲ್ಲಿ ಇರಲೇ ಇಲ್ಲವೆಂಬಂತೆ ಲೆಕ್ಕ ಹೊಸದಾಗಿ ಮಾಡಿಸಬೇಕು, ನಿಜವಾಗಿ ಇದ್ದದ್ದಾದರೆ ಚುಕ್ಕೆಗಳೇ ಅದನ್ನು ಹಸಿರು ಬಣ್ಣದಲ್ಲಿ ತಂದುಕೊಡುತ್ತವೆ, ಅಚ್ಚಿನ ಹಂಗಿಲ್ಲದೆ. ಸರಪಳಿಯ ನಡುಭಾಗದಲ್ಲಿ ಪರಮಾಣುಗಳ ಒಂದು ಉಂಗುರ ಆರಿಸಿದಳು, ಅಳಿಸಿದಳು. ಕಾಯುವುದು. ಅಮ್ಮನ ಮಂಚ ಕೊಟ್ಟುಬಿಟ್ಟದ್ದು ತಪ್ಪಾಯಿತೇ, ಕೋಣೆ ದೊಡ್ಡದಾಗಿ ಕಾಣುತ್ತದೆ ಅಂದರು ಕೊಂಡುಹೋದವರು, ಹೌದು, ತೀರಾ ದೊಡ್ಡದು, ನಡೆದರೆ ಗೋಡೆಗೂ ಕೇಳಿಸುತ್ತದೆ, ಸಂಜೆ ಬೀಗ ತೆಗೆಯುವಾಗ ಬಂದೆ ಎನ್ನಲು ಬಾಯಿ ತಾನಾಗಿ ತೆರೆಯುತ್ತದೆ, ಮುಚ್ಚಿಕೊಳ್ಳುತ್ತದೆ, ಅಷ್ಟೇ — ಲೆಕ್ಕ ಮುಗಿಯಿತು, ಪರದೆ ಮಿಣುಕಿತು, ನೀಲಿ ಬಲೆ, ಸರಪಳಿ, ಸರಪಳಿ ತುಂಡಾದ ಕಡೆ ಏನೂ ಇರಬಾರದ ಜಾಗ, ಅಲ್ಲಿ ಹಸಿರು, ಮೊದಲು ಮೋಡದ ಹಾಗೆ, ಹತ್ತಿರ ಎಳೆದು ನೋಡಿದರೆ ಉಂಗುರ, ನಡುವೆ ಸ್ಪಷ್ಟವಾಗಿ ತೂತು, ಯಾರೂ ಇಟ್ಟದ್ದಲ್ಲ, ತಾನೇ ಕೈಯಾರೆ ತೆಗೆದದ್ದು, ತೆಗೆದ ಮೇಲೂ, ತಿರುಗಿಸಿದಳು, ಉಂಗುರ, ಇನ್ನೊಂದು ಮಗ್ಗುಲಿಗೆ ತಿರುಗಿಸಿದಳು, ಹಸಿರು ಉಂಗುರ, ತೆಗೆದ ಜಾಗದಲ್ಲಿ, ತೆಗೆದ ಜಾಗದಲ್ಲೇ —